ನಮ್ಮ ಚಲನಚಿತ್ರಗಳಲ್ಲಿ ಮುಪ್ಪು: ಕಣ್ಣೀರು ಸಾಕು!

ಮುಪ್ಪನ್ನು ಕುರಿತ ಒಳ್ಳೆಯ ಕನ್ನಡ ಚಿತ್ರ ಯಾವುದೆಂದು ಕೇಳಿದರೆ, ನನ್ನ ಬಳಗದ ಹಿರಿಯರು ತಟ್ಟನೆ ‘ಸ್ಕೂಲ್ ಮಾಸ್ಟರ್’ ಎನ್ನುತ್ತಾರೆ. ಕಿರಿಯರು ‘ಈ ಬಂಧನ’ ಎನ್ನುತ್ತಾರೆ. ಶಿಕ್ಷಕರ ದಿನಾಚರಣೆ ಬಂತೆಂದರೆ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಮೊದಲನೆಯ ಚಿತ್ರದ ತುಣುಕುಗಳನ್ನು ನನಗೆ ತಪ್ಪದೇ ಕಳುಹಿಸುತ್ತಾರೆ. ಅವರ ಪ್ರೀತಿಗೆ ನಾನು ಋಣಿ. ಆದರೆ ಒಂದು ಮಾತನ್ನು ನಾನು ಸ್ಪಷ್ಟವಾಗಿ ಹೇಳಲೇಬೇಕು: ಇವು ಮುಪ್ಪಿನ ಚಿತ್ರಗಳಲ್ಲ. ಇವು ಮಕ್ಕಳ ಮೇಲೆ ಹೂಡಿದ ಖಟ್ಲೆಗಳು. ಈ ಖಟ್ಲೆಯಲ್ಲಿ ಮುದುಕ-ಮುದುಕಿಯರು ಕೇವಲ ಸಾಕ್ಷಿದಾರರು!

1958ರಲ್ಲಿ ಬಿ.ಆರ್. ಪಂತುಲು ಅವರು ನಿರ್ದೇಶಿಸಿ, ತಾವೇ ಮಾಸ್ತರರಾಗಿ ಅಭಿನಯಿಸಿದ ‘ಸ್ಕೂಲ್ ಮಾಸ್ಟರ್’ ಚಿತ್ರದ ಗುಣಗಳನ್ನು ನಾನು ಅಲ್ಲಗಳೆಯುವುದಿಲ್ಲ. ಪಂತುಲು ಹಾಗೂ ಎಂ.ವಿ. ರಾಜಮ್ಮನವರ ಜೋಡಿ ಮರೆಯುವಂಥದಲ್ಲ. ನಿವೃತ್ತ ಮಾಸ್ತರರು ಒಬ್ಬ ಮಗನ ಮನೆಗೆ, ಅವರ ಪತ್ನಿ ಇನ್ನೊಬ್ಬ ಮಗನ ಮನೆಗೆ ಹಂಚಿಹೋಗುತ್ತಾರೆ. ಕೊನೆಗೆ ಪೋಲೀಸ್ ಅಧಿಕಾರಿಯಾದ ಹಳೆಯ ವಿದ್ಯಾರ್ಥಿಯೊಬ್ಬ (ಶಿವಾಜಿ ಗಣೇಶನ್) ಬಂದು ಗುರುವಿನ ಮನೆಯನ್ನು ಉಳಿಸಿಕೊಡುತ್ತಾನೆ. ಮಾಸ್ತರನಾದ ನಾನು ಇದನ್ನು ನೋಡಿ ಎದೆಯುಬ್ಬಿಸಬೇಕಲ್ಲವೆ? ಆದರೆ ನನಗೆ ಏಳುವ ಪ್ರಶ್ನೆಯೇ ಬೇರೆ. ಆ ಹುಡುಗ ಅಧಿಕಾರಿಯಾಗದೇ ಹೋಗಿದ್ದರೆ? ಅಥವಾ ಆ ಮುದುಕ ಮಾಸ್ತರನಾಗಿರದೇ, ಗಿರಣಿಯ ಕೆಲಸಗಾರನೋ ಹಮಾಲನೋ ಆಗಿದ್ದರೆ? ಕೃತಜ್ಞತೆ ಒಂದು ಸದ್ಗುಣ ನಿಜ. ಆದರೆ ಅದು ಒಂದು ವ್ಯವಸ್ಥೆಯಲ್ಲ. ಇಂಥದೇ ಕಥೆಯನ್ನು ಅಮೆರಿಕದ ಲಿಯೋ ಮೆಕ್ಯಾರಿ 1937ರಲ್ಲಿಯೇ ‘ಮೇಕ್ ವೇ ಫಾರ್ ಟುಮಾರೋ’ ಚಿತ್ರದಲ್ಲಿ ಹೇಳಿದ್ದರು. ಅಲ್ಲಿ ಯಾರೂ ಬಂದು ಕಾಪಾಡುವುದಿಲ್ಲ. ರೈಲು ನಿಲ್ದಾಣದಲ್ಲಿ ವೃದ್ಧ ದಂಪತಿಗಳು ಅಗಲುತ್ತಾರೆ, ಅಷ್ಟೇ. ಆ ಪ್ರಾಮಾಣಿಕತೆ ನಮ್ಮ ಚಿತ್ರಕ್ಕೆ ಸಾಧ್ಯವಾಗಲಿಲ್ಲ.

ಸುಮಾರು ಅರ್ಧ ಶತಮಾನದ ನಂತರ, ಹಿಂದಿಯ ‘ಬಾಗ್‌ಬಾನ್’ ಚಿತ್ರವನ್ನು ಆಧರಿಸಿ, ವಿಷ್ಣುವರ್ಧನ ಹಾಗೂ ಜಯಪ್ರದಾ ಅವರ ‘ಈ ಬಂಧನ’ ಬಂದಿತು. ಅದೇ ಹಂಚಿಕೆ, ಅದೇ ಕಣ್ಣೀರು. ಅದು ತೆರೆ ಕಂಡದ್ದು 2007ರಲ್ಲಿ. ತಂದೆ-ತಾಯಿಯರ ಹಾಗೂ ಹಿರಿಯ ನಾಗರಿಕರ ಪೋಷಣೆಯ ಕಾನೂನನ್ನು ಸಂಸತ್ತು ಅಂಗೀಕರಿಸಿದ್ದೂ ಅದೇ ವರ್ಷ! ತಿಂಗಳಿಗೆ ಗರಿಷ್ಠ 10,000 ರೂಪಾಯಿಗಳವರೆಗೆ ಜೀವನಾಂಶ ಕೊಡಿಸುವ ಅಧಿಕಾರವನ್ನು ಆ ಕಾನೂನು ನ್ಯಾಯಮಂಡಳಿಗೆ ನೀಡಿತು. ಖಟ್ಲೆ ಹೂಡುವವರಿಗೆ ಕಾನೂನು ಇದೆ. ಹಾಗಾದರೆ ಸಿನೆಮಾ ಇನ್ನೇನು ಮಾಡಬೇಕು? ಕಾನೂನು ಕಾಣಲಾರದ್ದನ್ನು ತೋರಿಸಬೇಕು.

ಗಿರೀಶ ಕಾಸರವಳ್ಳಿಯವರ ‘ತಬರನ ಕಥೆ’ ಅದನ್ನು ತೋರಿಸಿತು. ಪೂರ್ಣಚಂದ್ರ ತೇಜಸ್ವಿಯವರ ಕಥೆಯನ್ನು ಆಧರಿಸಿದ ಈ ಚಿತ್ರಕ್ಕೆ 1986ರ ಸ್ವರ್ಣಕಮಲ ಹಾಗೂ ಚಾರುಹಾಸನ್ ಅವರಿಗೆ ಶ್ರೇಷ್ಠ ನಟ ಪ್ರಶಸ್ತಿ ದೊರೆತವು. ತಬರ ಶೆಟ್ಟಿ ನಿವೃತ್ತ ಜವಾನ. ಅವನ ಪಿಂಚಣಿಯ ಕಾಗದಪತ್ರಗಳು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಅಲೆಯುತ್ತಿರುವಾಗ, ಇತ್ತ ಮನೆಯಲ್ಲಿ ಹೆಂಡತಿಯ ಕಾಲು ಕೊಳೆಯುತ್ತದೆ. ಆ ಕಾಲನ್ನು ಕತ್ತರಿಸಿಕೊಡೆಂದು ಅವನು ಕಸಾಯಿಯವನನ್ನು ಬೇಡಿಕೊಳ್ಳುವ ಸ್ಥಿತಿ ಬರುತ್ತದೆ. ಇಲ್ಲಿ ಖಳನಾಯಕ ಮಗನಲ್ಲ, ಸೊಸೆಯಲ್ಲ, ಕಚೇರಿ! ಯಾರನ್ನು ಬೈದು ಮನಸ್ಸು ಹಗುರ ಮಾಡಿಕೊಳ್ಳುವುದು? ಆದುದರಿಂದಲೇ ಈ ಚಿತ್ರವನ್ನು ಹೊಗಳುವವರು ಬಹಳ, ಎರಡನೆಯ ಸಲ ನೋಡುವವರು ಕಡಿಮೆ.

ಪ್ರತಿ ವರ್ಷ ನವೆಂಬರದಲ್ಲಿ ನಾವು ಪಿಂಚಣಿದಾರರು ಬ್ಯಾಂಕಿಗೆ ಹೋಗಿ, ‘ನಾನು ಬದುಕಿದ್ದೇನೆ’ ಎಂದು ರುಜು ಹಾಕಿ ಬರುತ್ತೇವೆ. ಇದರ ವಿನೋದವನ್ನು ಬಲ್ಲವರಿಗೆ ರಾಮ್ ರೆಡ್ಡಿಯವರ ‘ತಿಥಿ’ (2016) ಇನ್ನಷ್ಟು ರುಚಿಸುತ್ತದೆ. ಮಂಡ್ಯ ಸೀಮೆಯ ಹಳ್ಳಿಯವರೇ ನಟಿಸಿದ ಈ ಚಿತ್ರದಲ್ಲಿ ಮಗ ತಮ್ಮಣ್ಣ ಜಮೀನು ಮಾರುವುದಕ್ಕಾಗಿ, ಬದುಕಿರುವ ತಂದೆ ಗಡ್ಡಪ್ಪನ ಮರಣ ಪ್ರಮಾಣಪತ್ರವನ್ನೇ ಮಾಡಿಸುತ್ತಾನೆ. ‘ಈ ಬಂಧನ’ದವರ ಕೈಗೆ ಈ ಕಥೆ ಸಿಕ್ಕಿದ್ದರೆ ಗಡ್ಡಪ್ಪ ಎದೆ ಬಡಿದುಕೊಂಡು ಅಳುತ್ತಿದ್ದ. ಇಲ್ಲಿ ಅವನಿಗೆ ಆಸ್ತಿಯೂ ಬೇಡ, ಅನುಕಂಪವೂ ಬೇಡ. ಕುರಿಗಾರರ ಜೊತೆಗೂಡಿ ಬಯಲಿಗೆ ನಡೆದುಬಿಡುತ್ತಾನೆ. ಮುದುಕನಿಗೂ ಒಂದು ಹಟ, ಒಂದು ಚಪಲ, ಒಂದು ಸ್ವಾತಂತ್ರ್ಯ ಇರಬಹುದೆಂದು ಒಪ್ಪಿಕೊಂಡ ಚಿತ್ರ ಇದು.

ಶಿವರಾಮ ಕಾರಂತರ ಕಾದಂಬರಿಯನ್ನು ಆಧರಿಸಿ ಪಿ. ಶೇಷಾದ್ರಿಯವರು ಮಾಡಿದ ‘ಬೆಟ್ಟದ ಜೀವ’ದಲ್ಲಿ ಮಗ ಮನೆ ಬಿಟ್ಟು ಹೋಗಿದ್ದಾನೆ. ಆದರೆ ದತ್ತಣ್ಣನವರ ಗೋಪಾಲಯ್ಯ ಜಗುಲಿಯ ಮೇಲೆ ಕುಳಿತು ಶಪಿಸುವುದಿಲ್ಲ. ಕಾಡಿನ ನಡುವೆ ತೋಟ ಮಾಡುತ್ತಾನೆ, ಹೆಂಡತಿಯನ್ನು ಛೇಡಿಸುತ್ತಾನೆ, ದಾರಿ ತಪ್ಪಿ ಬಂದ ಅತಿಥಿಯನ್ನು ಉಪಚರಿಸುತ್ತಾನೆ. ನೋವು ಇದೆ, ಆದರೆ ನೋವೇ ಅವನ ವೃತ್ತಿಯಲ್ಲ. ನಮ್ಮ ಸೀಮೆಯ ಕುಂ. ವೀರಭದ್ರಪ್ಪನವರ ಕಥೆಯನ್ನು ಆಧರಿಸಿದ, ಕಾಸರವಳ್ಳಿಯವರ ‘ಕೂರ್ಮಾವತಾರ’ದ ಆನಂದರಾಯನಂತೂ ನಿವೃತ್ತಿಯ ಅಂಚಿನಲ್ಲಿ, ಧಾರಾವಾಹಿಯೊಂದರಲ್ಲಿ ಗಾಂಧಿಯ ಪಾತ್ರ ಮಾಡಬೇಕಾಗಿ ಬಂದು, ಗಾಂಧಿಯನ್ನು ಓದಲು ತೊಡಗುತ್ತಾನೆ. ಆ ವಯಸ್ಸಿನಲ್ಲಿಯೂ ಮನುಷ್ಯ ಬದಲಾಗಬಲ್ಲ!

‘ಸರ್, ಅಳಿಸುವ ಚಿತ್ರ ನೋಡಿಯಾದರೂ ನಾಲ್ಕು ಜನ ತಾಯಿಗೆ ಫೋನ್ ಮಾಡುತ್ತಾರಲ್ಲ, ಅದು ಒಳ್ಳೆಯದಲ್ಲವೆ?’ ಎಂದು ನೀವು ಕೇಳಬಹುದು. ಮಾಡುತ್ತಾರೆ; ಒಂದು ವಾರ. ಅಪರಾಧಿಭಾವದಿಂದ ಹುಟ್ಟಿದ ಪ್ರೀತಿಯ ಆಯುಷ್ಯ ಅಷ್ಟೇ. ಅದಕ್ಕಿಂತ ಮುಖ್ಯವಾಗಿ, ಈ ಚಿತ್ರಗಳು ನಮ್ಮ ಊರಿನ ಬಗೆಗೆ ಸುಳ್ಳು ಹೇಳುತ್ತವೆ. ಹುಬ್ಬಳ್ಳಿ-ಧಾರವಾಡದ ಎಷ್ಟೋ ಬಡಾವಣೆಗಳಲ್ಲಿ ಇಂದು ಮನೆಗೆ ಇಬ್ಬರೇ ಮುದುಕರು. ಮಕ್ಕಳು ಬೆಂಗಳೂರಿನಲ್ಲಿ, ಪುಣೆಯಲ್ಲಿ, ಅಮೆರಿಕದಲ್ಲಿ ಇದ್ದಾರೆ. ಅವರೇನು ನಮ್ಮನ್ನು ತೊರೆದು ಓಡಿಹೋದವರೆ? ಅಲ್ಲ. ಗಣಿತ ಕಲಿಸಿ, ಇಂಗ್ಲಿಶ್ ವ್ಯಾಕರಣ ತಿದ್ದಿ, ಅರ್ಜಿ ತುಂಬಿಸಿ, ಸ್ಟೇಶನ್ನಿಗೆ ಹೋಗಿ ಕೈಬೀಸಿ ಕಳುಹಿಸಿದವರು ನಾವೇ. ಅದು ನಮ್ಮ ಜೀವನದ ಕೆಲಸವಾಗಿತ್ತು. ಅದರ ಬಗೆಗೆ ನನಗೆ ಹೆಮ್ಮೆಯಿದೆ. ನಿಮ್ಮನ್ನು ಖಳರೆಂದು ಬಗೆಯುವ ಚಿತ್ರ ನಮ್ಮ ಆ ದುಡಿಮೆಗೂ ಅವಮಾನ ಮಾಡುತ್ತದೆ.

ನಿಜವಾದ ದೂರ ಬೇರೆಯೇ ಇದೆ. ಅದನ್ನು ಹೇಮಂತ ರಾವ್ ಅವರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ (2016) ತನ್ನ ಹೆಸರಿನಲ್ಲಿಯೇ ಹಿಡಿದಿದೆ. ಮರೆವಿನ ರೋಗವಿರುವ ವೆಂಕೋಬರಾವ್ (ಅನಂತ ನಾಗ್) ಕಾಣೆಯಾದಾಗ, ಕಾಣೆಯಾದವರ ಪ್ರಕಟಣೆಯಲ್ಲಿ ತಂದೆಯನ್ನು ವರ್ಣಿಸಲು ಉಳಿಯುವುದು ಇವೇ ಮಾತುಗಳು. ಚಿತ್ರದ ಅರ್ಧ ಭಾಗ ಗೂಂಡಾಗಳ ಗದ್ದಲದಲ್ಲಿ ಹಾಳಾಗಿದೆ, ನಿಜ. ಆದರೆ ಹುಡುಕುತ್ತ ಹುಡುಕುತ್ತ ಮಗ ತನ್ನ ತಂದೆ ಯಾರೆಂದು ಮೊದಲ ಸಲ ತಿಳಿಯುತ್ತಾನಲ್ಲ, ಅದು ಸಾವಿರ ಕಣ್ಣೀರಿಗಿಂತ ಮೇಲು.

ಪ್ರಿಯ ವಿದ್ಯಾರ್ಥಿಗಳೇ, ಬಂಧುಗಳೇ, ನಮಗಾಗಿ ಅಳಬೇಡಿ. ‘ಊಟ ಆತೇನ್ರಿ? ಗುಳಿಗಿ ತೊಗೊಂಡ್ರೇನು?’ ಎನ್ನುವುದರ ಜೊತೆಗೆ ಇನ್ನೆರಡು ಪ್ರಶ್ನೆಗಳನ್ನು ಕೇಳಿ: ‘ಯಾವ ಆಫೀಸಿನ್ಯಾಗ ನಿಮ್ಮ ಕಾಗದ ನಿಂತದ?’ ಮತ್ತು ‘ಈಗ ಏನು ಓದಲಿಕ್ಕೆ ಹತ್ತೀರಿ?’ ಮೊದಲನೆಯದು ತಬರನ ಸಲುವಾಗಿ, ಎರಡನೆಯದು ಆನಂದರಾಯನ ಸಲುವಾಗಿ. ಮುಂದಿನ ಸಲ ಊರಿಗೆ ಬಂದಾಗ ನಿಮ್ಮ ತಂದೆ-ತಾಯಿಯರ ಜೊತೆಗೆ ಕುಳಿತು ‘ತಬರನ ಕಥೆ’ ನೋಡಿ. ನಂತರ ಅವರು ಹೇಳುವುದನ್ನು ಸುಮ್ಮನೆ ಕೇಳಿ.