ದಿವಾಳಿಯ ಕಾನೂನೂ ಹೋಟೆಲು ನೌಕರನ ಪಗಾರವೂ

ಪೇಟೆಗೆ ಮಾಂದ್ಯ ಬಂದಿತೆಂದರೆ ಮೊದಲ ಪೆಟ್ಟು ಬೀಳುವುದು ಹೋಟೆಲಿಗೆ. ಬಟ್ಟೆಯಂಗಡಿಯವನು ಮಾಲನ್ನು ಕಪಾಟಿನಲ್ಲಿಟ್ಟು ಆರು ತಿಂಗಳು ಕಾಯಬಲ್ಲನು. ಬೆಳಿಗ್ಗೆ ಬೆಂದ ಇಡ್ಲಿ ಮಾತ್ರ ಮರುದಿನದವರೆಗೆ ಕಾಯಲಾರದು. 1982ರ ಜನವರಿ 18ರಂದು ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ದತ್ತಾ ಸಾಮಂತರ ನಾಯಕತ್ವದಲ್ಲಿ ಮುಷ್ಕರವು ಆರಂಭವಾಗಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಗುಳಿದಾಗ, ಲಾಲ್‌ಬಾಗ್ ಪರೇಲ್ ಕಡೆ ಅವರ ಚಹಾ ತಿಂಡಿಯನ್ನೇ ನಂಬಿದ್ದ ಗಲ್ಲಾಪೆಟ್ಟಿಗೆಗಳ ಗತಿಯೇನಾಯಿತೆಂಬುದು ಹಳಬರಿಗೆ ನೆನಪಿರಬೇಕು. 2020ರ ಮಾರ್ಚ್ 25ರಿಂದ ದೇಶವೇ ಬಾಗಿಲು ಹಾಕಿಕೊಂಡಿತು. ಮಹಾರಾಷ್ಟ್ರದಲ್ಲಿ ಗಿರಾಕಿಗಳನ್ನು ಒಳಗೆ ಕೂರಿಸಿ ಬಡಿಸಲು ಅಪ್ಪಣೆ ದೊರೆತದ್ದು ಅಕ್ಟೋಬರ್ 5ರಂದು, ಅದೂ ಅರ್ಧ ಕುರ್ಚಿಗಳಿಗೆ ಮಾತ್ರ. ಅಷ್ಟರವರೆಗೆ ಬಾಡಿಗೆಯೂ ಸಾಲದ ಬಡ್ಡಿಯೂ ಬೆಳೆಯುತ್ತಲೇ ಇದ್ದುವು.

ಇಂತಹ ಸಮಯದಲ್ಲಿ ನಮ್ಮವರಲ್ಲಿ ಅನೇಕರು ಹಿಡಿಯುವ ದಾರಿ ಒಂದೇ. ರಾತ್ರಿ ಶಟರು ಎಳೆದು, ಬೀಗ ಹಾಕಿ, ಊರಿನ ರೈಲು ಹತ್ತುವುದು. ಬೆಳಿಗ್ಗೆ ಮಾಣಿಗಳೂ ಅಡಿಗೆಯವರೂ ಬಂದು ನೋಡಿದರೆ ಧನಿಗಳಿಲ್ಲ, ಎರಡು ತಿಂಗಳ ಪಗಾರವೂ ಇಲ್ಲ. ಹಾಲಿನವನು, ಕಿರಾಣಿಯವನು, ಚೀಟಿ ನಡೆಸುವವನು ಬಾಗಿಲಲ್ಲಿ ನಿಂತಿರುತ್ತಾರೆ. ಕೋರ್ಟಿಗೆ ಹೋಗಿ ಪಾಪರ್ ಅರ್ಜಿ ಕೊಡುವುದೆಂದರೆ ಕುಲಕ್ಕೆ ಕಳಂಕವೆಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಓಡಿಹೋಗುವುದು ಕಳಂಕವಲ್ಲವಂತೆ, ಅರ್ಜಿ ಕೊಡುವುದು ಕಳಂಕವಂತೆ!

ಕಾನೂನು ಏನು ಹೇಳುತ್ತದೆಂಬುದನ್ನು ನೋಡೋಣ. ಮುಂಬಯಿ, ಮದ್ರಾಸು, ಕಲ್ಕತ್ತೆಗಳಿಗೆ 1909ರ ಪ್ರೆಸಿಡೆನ್ಸಿ ಪಟ್ಟಣಗಳ ದಿವಾಳಿ ಶಾಸನವೂ, ಪುಣೆ, ಠಾಣೆ, ದಿಲ್ಲಿ ಮೊದಲಾದೆಡೆಗಳಿಗೆ 1920ರ ಪ್ರಾಂತೀಯ ದಿವಾಳಿ ಶಾಸನವೂ ಅನ್ವಯಿಸುತ್ತವೆ. ಮುಂಬಯಿಯವನು ಹೈಕೋರ್ಟಿಗೆ, ಪುಣೆಯವನು ಜಿಲ್ಲಾ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಬೇಕು. ಸಾಲವು 500 ರೂಪಾಯಿ ಇದ್ದರೂ ಸಾಕು. ಕೋರ್ಟು ದಿವಾಳಿಯೆಂದು ಘೋಷಿಸಿದೊಡನೆ ಸಾಲಗಾರನ ಆಸ್ತಿಯು ಸರಕಾರದ ಅಧಿಕಾರಿಗೆ ಸೇರುತ್ತದೆ. ಮುಂಬಯಿಯಲ್ಲಿ ಅವರಿಗೆ ಆಫಿಶಿಯಲ್ ಅಸೈನಿ ಎಂದು ಹೆಸರು. ಅನಂತರ ಯಾವ ಸಾಹುಕಾರನೂ ಕೋರ್ಟಿನ ಅಪ್ಪಣೆಯಿಲ್ಲದೆ ಪ್ರತ್ಯೇಕವಾಗಿ ದಾವೆ ಹೂಡುವಂತಿಲ್ಲ. ಅಡವು ಹಿಡಿದವನು ಮಾತ್ರ ತನ್ನ ಅಡವನ್ನು ಬಿಡಬೇಕಾಗಿಲ್ಲ. ರುಜುವಾತಾದ ಸಾಲದಾರರಲ್ಲಿ ಸಂಖ್ಯೆಯಿಂದ ಬಹುಮತದವರೂ ಮೊತ್ತದಿಂದ ಮುಕ್ಕಾಲು ಪಾಲಿನವರೂ ಒಪ್ಪಿದರೆ ರಾಜಿಯ ಯೋಜನೆಗೂ ಅವಕಾಶವಿದೆ. ಕೊನೆಗೆ ಬಿಡುಗಡೆಯ ಆಜ್ಞೆ ದೊರೆತರೆ ಹಳೆಯ ಸಾಲಗಳು ತೀರಿದಂತೆಯೇ. ಸರಕಾರದ ಬಾಕಿ, ಮೋಸದಿಂದ ಪಡೆದ ಹಣ, ಹೆಂಡತಿಯ ಜೀವನಾಂಶ ಮುಂತಾದುವು ಮಾತ್ರ ಉಳಿಯುತ್ತವೆ.

ಜೈಲಿನ ಭಯವನ್ನೂ ಇಲ್ಲಿಯೇ ತಿಳಿಗೊಳಿಸುವುದು ಒಳ್ಳೆಯದು. ಕೇವಲ ಬಡತನದಿಂದ ಡಿಕ್ರಿಯ ಹಣ ಕೊಡಲಾರದವನನ್ನು ಸೆರೆಯಲ್ಲಿಡುವುದು ಸಲ್ಲದೆಂದು 1980ರಲ್ಲಿಯೇ ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ತೀರ್ಪಿತ್ತಿರುವರು. ಕೊಡಲು ಶಕ್ತಿಯಿದ್ದೂ ಕೊಡದವನ ಮಾತು ಬೇರೆ. ಚೆಕ್ಕು ತಿರಸ್ಕೃತವಾದರೆ ಬರುವ ಮೊಕದ್ದಮೆಯೂ ಬೇರೆಯೇ. ಅದಕ್ಕೆ ಎರಡು ವರ್ಷಗಳವರೆಗೆ ಶಿಕ್ಷೆಯುಂಟು. ಆದುದರಿಂದ ಬ್ಯಾಂಕಿನಲ್ಲಿ ಹಣವಿಲ್ಲದಾಗ ಸಾಹುಕಾರನ ಬಾಯಿ ಮುಚ್ಚಿಸಲು ಮುಂದಿನ ತಾರೀಖಿನ ಚೆಕ್ಕು ಬರೆದುಕೊಡುವ ಜಾಣತನವು ಜಾಣತನವಲ್ಲ. ಅರ್ಜಿಗೆ ಮುಂಚೆ ಭಾವನ ಸಾಲವನ್ನು ಮಾತ್ರ ತೀರಿಸಿ ಉಳಿದವರಿಗೆ ಕೈಯೆತ್ತುವುದೂ ಹಾಗೆಯೇ: ಮೂರು ತಿಂಗಳೊಳಗಿನ ಅಂಥ ಪಕ್ಷಪಾತದ ಪಾವತಿಯನ್ನು ರದ್ದುಗೊಳಿಸಬಹುದು.

ಇಷ್ಟೆಲ್ಲ ಇದ್ದರೂ ಈ ಶಾಸನಗಳ ವಯಸ್ಸು ಅವುಗಳ ಅಂಕಿಗಳಲ್ಲಿ ಕಾಣುತ್ತದೆ. 1909ರ ಮೂಲ ಶಾಸನದ ಪ್ರಕಾರ ದಿವಾಳಿಯಾದವನು ತನ್ನ ಕಸುಬಿನ ಉಪಕರಣ, ಬಟ್ಟೆ, ಹಾಸಿಗೆ, ಅಡಿಗೆಯ ಪಾತ್ರೆ ಎಲ್ಲ ಸೇರಿ 300 ರೂಪಾಯಿಯಷ್ಟನ್ನು ಉಳಿಸಿಕೊಳ್ಳಬಹುದು. ಇಂದು ಆ ಬೆಲೆಗೆ ದೋಸೆಯ ಕಾವಲಿಯೂ ಬಾರದು. ನೌಕರರ ವಿಷಯವಂತೂ ಇನ್ನೂ ಶೋಚನೀಯ. ಅರ್ಜಿಗೆ ಹಿಂದಿನ ನಾಲ್ಕು ತಿಂಗಳ ಪಗಾರಕ್ಕೆ ಇತರ ಸಾಲಗಳಿಗಿಂತ ಆದ್ಯತೆಯುಂಟು. ಆದರೆ ಮುಂಬಯಿಯ ಶಾಸನದಲ್ಲಿ ಅದು ಗುಮಾಸ್ತನಿಗೆ 300 ರೂಪಾಯಿ, ಸೇವಕನಿಗೂ ಕೂಲಿಯವನಿಗೂ 100 ರೂಪಾಯಿ ಮೀರದಂತೆ. 1920ರ ಶಾಸನದ ಮೂಲ ಪಾಠದಲ್ಲಿ ಅದು 20 ರೂಪಾಯಿ! ಅದಕ್ಕೆ ಮೇಲ್ಪಟ್ಟ ಪಗಾರಕ್ಕಾಗಿ ಮಾಣಿಯು ಬಡ್ಡಿ ಸಾಹುಕಾರನ ಹಿಂದೆಯೋ ಪಕ್ಕದಲ್ಲಿಯೋ ಸಾಲಾಗಿ ನಿಲ್ಲಬೇಕು.

ಇದನ್ನು ಸರಿಪಡಿಸಲೆಂದೇ ಸಂಸತ್ತು 2016ರಲ್ಲಿ ಹೊಸ ದಿವಾಳಿ ಸಂಹಿತೆಯನ್ನು ಅಂಗೀಕರಿಸಿತು. ಕಂಪೆನಿಗಳಿಗೆ ಸಂಬಂಧಿಸಿದ ಭಾಗವು ಆ ವರ್ಷವೇ ಜಾರಿಗೆ ಬಂದಿತು. ಅದರಲ್ಲಿ ಮುಳುಗಿದ ಕಂಪೆನಿಯ ಕಾರ್ಮಿಕನ 24 ತಿಂಗಳ ಬಾಕಿಗೆ ಅಡವು ಹಿಡಿದ ಬ್ಯಾಂಕಿನ ಸಮಾನ ಸ್ಥಾನವಿದೆ. 2020ರ ಸಂಕಟದಲ್ಲಿ ಕಂಪೆನಿಗಳ ಮೇಲೆ ಹೊಸ ಬಾಕಿಗಳಿಗಾಗಿ ದಿವಾಳಿ ಅರ್ಜಿ ಹಾಕದಂತೆ ಒಂದು ವರ್ಷದ ಕವಚವನ್ನೂ ತೊಡಿಸಲಾಯಿತು. ಆದರೆ ವ್ಯಕ್ತಿಗಳಿಗೂ ಪಾಲುದಾರಿಕೆಗಳಿಗೂ ಮೀಸಲಾದ ಮೂರನೆಯ ಭಾಗ? 2019ರ ಡಿಸೆಂಬರ್ 1ರಿಂದ ಕಂಪೆನಿಗಳ ಸಾಲಕ್ಕೆ ಜಾಮೀನು ನಿಂತ ವ್ಯಕ್ತಿಗಳಿಗೆ ಮಾತ್ರ ಅದನ್ನು ಅನ್ವಯಿಸಿ, ಉಳಿದವರ ಪಾಲನ್ನು ಜಾರಿಗೆ ತಾರದೆ ಬಿಡಲಾಗಿದೆ. ವರ್ಷಕ್ಕೆ 60,000 ರೂಪಾಯಿ ಮೀರದ ಆದಾಯ, 20,000 ಮೀರದ ಆಸ್ತಿ, 35,000 ಮೀರದ ಸಾಲವಿದ್ದು ಸ್ವಂತ ಮನೆಯಿಲ್ಲದವನಿಗೆ ಸಾಲದಿಂದ ಮುಕ್ತನಾಗಿ ಹೊಸದಾಗಿ ಬಾಳಲು ಅವಕಾಶ ಕೊಡುವ ವಿಧಿಯೂ ಅದರಲ್ಲಿಯೇ ಅಡಗಿ ಕುಳಿತಿದೆ. ನಮ್ಮ ಹೋಟೆಲುಗಳಲ್ಲಿ ಬಹಳಷ್ಟು ಒಬ್ಬ ಧನಿಯವು, ಅಣ್ಣತಮ್ಮಂದಿರ ಪಾಲಿನವು, ಇಲ್ಲವೆ ಕಂಡಕ್ಟಿಂಗಿಗೆ ಹಿಡಿದವು. ದೊಡ್ಡ ಕಂಪೆನಿಗೆ 2016ರ ಕಾನೂನು, ಸಣ್ಣ ಹೋಟೆಲಿಗೂ ಅದರ ಮಾಣಿಗೂ ಬ್ರಿಟಿಷರ ಕಾಲದ ಕಾನೂನು! ಈ ಭೇದಕ್ಕೆ ಸಮರ್ಥನೆಯನ್ನು ನಾವು ಕಾಣೆವು. ಹೋಟೆಲು ಮಾಲಿಕರ ಸಂಘಗಳು ತೆರಿಗೆಯ ವಿಷಯದಲ್ಲಿ ತೋರುವ ಉತ್ಸಾಹದಲ್ಲಿ ಕಾಲುಭಾಗವನ್ನಾದರೂ ಇದಕ್ಕೆ ತೋರಿದ್ದರೆ ಒಳ್ಳೆಯದಿತ್ತು.

ಗುಮಾಸ್ತ ಬಂಧುಗಳಿಗೆ ಒಂದು ಮಾತು. ಊರಿನವರು, ನೆಂಟರು ಎಂಬ ದಾಕ್ಷಿಣ್ಯಕ್ಕೆ ಧನಿಯ ಸಾಲದ ಕಾಗದಕ್ಕೆ ಜಾಮೀನು ಹಾಕುವುದು ನಮ್ಮಲ್ಲಿ ಸಾಮಾನ್ಯ. ಧನಿಗೆ ದಿವಾಳಿಯಿಂದ ಬಿಡುಗಡೆಯಾದರೂ ಜಾಮೀನುದಾರನಿಗೆ ಬಿಡುಗಡೆಯಿಲ್ಲ. ಬ್ಯಾಂಕು ಅವನ ಮನೆಯ ಬಾಗಿಲಿಗೆ ಬರುತ್ತದೆ. ಆದರೂ ಸಿವಿಲ್ ಡಿಕ್ರಿಗಾಗಿ ಪಗಾರವನ್ನೆಲ್ಲ ಜಪ್ತಿ ಮಾಡುವಂತಿಲ್ಲ. ಮೊದಲ 1,000 ರೂಪಾಯಿಯನ್ನೂ ಉಳಿದುದರಲ್ಲಿ ಮೂರನೆಯ ಎರಡು ಪಾಲನ್ನೂ ಮುಟ್ಟಬಾರದು. ತಿಂಗಳಿಗೆ 19,000 ಪಗಾರವಿದ್ದವನಿಂದ 6,000ಕ್ಕಿಂತ ಹೆಚ್ಚು ಹೋಗದು. ಕೂಲಿಕಾರನ ಮಜೂರಿಗೂ ಪ್ರಾವಿಡೆಂಟ್ ಫಂಡಿಗೂ ಜಪ್ತಿಯೇ ಇಲ್ಲ. ಸಾಲ ವಸೂಲಿಯ ಏಜೆಂಟರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಫೋನು ಮಾಡಿ ಪೀಡಿಸಬಾರದೆಂದು 2022ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕು ವಿಧಿಸಿದೆ.

ಧನಿಯು ಅರ್ಜಿ ಕೊಟ್ಟಿದ್ದಲ್ಲಿ ನೌಕರನು ತನ್ನ ಬಾಕಿಯನ್ನು ರುಜುವಾತುಪಡಿಸಬೇಕು. ತೊಡಕಿರುವುದು ಇಲ್ಲಿಯೇ. ನೇಮಕದ ಕಾಗದವಿಲ್ಲ, ಪಗಾರದ ಚೀಟಿಯಿಲ್ಲ. ಲೆಕ್ಕವೆಲ್ಲ ಧನಿಯ ಪುಸ್ತಕದಲ್ಲಿ, ಪುಸ್ತಕ ಧನಿಯ ಪೆಟ್ಟಿಗೆಯಲ್ಲಿ. ಪಗಾರವನ್ನು ಬ್ಯಾಂಕಿನ ಖಾತೆಗೆ ಹಾಕಿಸಿಕೊಳ್ಳುವುದು, ಅದಾಗದಿದ್ದರೆ ತಿಂಗಳಿಗೊಮ್ಮೆ ಒಂದು ಚಿಕ್ಕ ಪುಸ್ತಕದಲ್ಲಿ ಬರೆದು ಮ್ಯಾನೇಜರನ ಸಹಿ ಪಡೆಯುವುದು ಹೋಟೆಲು ಚೆನ್ನಾಗಿ ನಡೆಯುತ್ತಿರುವಾಗಲೇ ಆಗಬೇಕಾದ ಕೆಲಸ. ವಕೀಲರ ಫೀಜಿಗೆ ಹಣವಿಲ್ಲದವರು 1987ರ ಕಾನೂನು ಸೇವೆಗಳ ಶಾಸನದಂತೆ ಪ್ರತಿ ಜಿಲ್ಲೆಯಲ್ಲಿರುವ ಪ್ರಾಧಿಕಾರದಿಂದ ಉಚಿತ ವಕೀಲರನ್ನು ಕೇಳಬಹುದು. ಕಡಿಮೆ ಆದಾಯದವರಿಗೂ, ಹೆಂಗಸರಿಗೂ, ಪರಿಶಿಷ್ಟರಿಗೂ, ಔದ್ಯೋಗಿಕ ಕಾರ್ಮಿಕರಿಗೂ ಈ ಹಕ್ಕುಂಟು. 15100 ಸಂಖ್ಯೆಗೆ ಫೋನು ಮಾಡಿದರೆ ಎಲ್ಲಿಗೆ ಹೋಗಬೇಕೆಂಬುದನ್ನು ತಿಳಿಸುವರು.