ಕೋರ್ ಹೆಚ್ಚಿದರೆ ಕಾಯುವುದು ತಪ್ಪೀತೆ?

‘ಕೋರ್‌ಗಳನ್ನು ಹೆಚ್ಚಿಸಿ, ವೇಗ ತಾನಾಗಿ ಬರುತ್ತದೆ’ ಎಂಬ ಇತ್ತೀಚಿನ ಲೇಖನದ ವಾದ ಅರೆಸತ್ಯ. 3 ಗಿಗಾಹರ್ಟ್ಸ್‌ ಪ್ರೊಸೆಸರ್ ಮುಖ್ಯ ಮೆಮೊರಿಗಾಗಿ 100 ನ್ಯಾನೊಸೆಕೆಂಡ್ ಕಾದರೆ 300 ಸೈಕಲ್ ದಂಡ. ಕಂಪ್ಯೂಟರ್ ಸಂಶೋಧಕರಾದ ವುಲ್ಫ್ ಮತ್ತು ಮೆಕ್ಕೀ ಈ ‘ಮೆಮೊರಿ ಗೋಡೆ’ಯ ಬಗ್ಗೆ 1995ರಲ್ಲೇ ಎಚ್ಚರಿಸಿದ್ದರು.

ಇಚಲಕರಂಜಿಯ ಪವರ್‌ಲೂಮ್ ಶೆಡ್ಡಿನಲ್ಲಿ ಒಬ್ಬನೇ ಹಲವು ಮಗ್ಗ ನೋಡಿಕೊಳ್ಳುತ್ತಾನೆ. ಒಂದರ ಲಾಳಿಯಲ್ಲಿ ಕಂಡಿಕೆ ಮುಗಿದರೂ ಉಳಿದವು ಓಡುತ್ತಿರುತ್ತವೆ. ಬರ್ಟನ್ ಸ್ಮಿತ್ ಅವರ ಟೆರಾ ಎಂಟಿಎ ಯಂತ್ರದ್ದೂ ಇದೇ ಉಪಾಯ: ಪ್ರತಿ ಪ್ರೊಸೆಸರ್‌ಗೆ 128 ಥ್ರೆಡ್, ಒಂದು ಕಾಯುವಾಗ ಇನ್ನೊಂದಕ್ಕೆ ಕೆಲಸ. ಆದರೆ ಶೆಡ್ಡಿಗೆ ನೂಲೇ ಸಾಕಷ್ಟು ಬರದಿದ್ದರೆ ಮಗ್ಗ ಹೆಚ್ಚಿಸಿ ಫಲವೇನು?

ಕೋರ್ ಹೆಚ್ಚಿದಾಗ ಹೊಸ ತಂಟೆಯೂ ಹುಟ್ಟುತ್ತದೆ. ಸಾಮಾನ್ಯ ಪ್ರೊಸೆಸರ್‌ಗಳಲ್ಲಿ ಕ್ಯಾಶ್‌ನ, ಅಂದರೆ ಪ್ರೊಸೆಸರ್‌ನೊಳಗಿನ ಚಿಕ್ಕ ವೇಗದ ಮೆಮೊರಿಯ, ಒಂದು ಸಾಲು 64 ಬೈಟ್. ಅದರಲ್ಲಿ 8 ಬೈಟಿನ ಎಂಟು ಸಂಖ್ಯೆಗಳು. ಎರಡು ಕೋರ್‌ಗಳು ಅಕ್ಕಪಕ್ಕದ ಬೇರೆ ಬೇರೆ ಸಂಖ್ಯೆಗಳನ್ನು ತಿದ್ದುತ್ತಿದ್ದರೂ ಇಡೀ ಸಾಲು ಅವುಗಳ ನಡುವೆ ಓಡಾಡುತ್ತಲೇ ಇರುತ್ತದೆ. ಎರಡನ್ನೂ ಬೇರೆ ಸಾಲುಗಳಲ್ಲಿಟ್ಟರೆ ಜಗಳ ಮುಗಿಯಿತು. ಇದಕ್ಕೆ ಹೊಸ ಯಂತ್ರ ಬೇಕಿಲ್ಲ.

ಕಾಯುವಿಕೆ ತಗ್ಗಿಸುವ ಯತ್ನ ನಮ್ಮಲ್ಲೂ ನಡೆದಿದೆ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ (ಎನ್‌ಎಎಲ್) 1986ರಲ್ಲಿ ಫ್ಲೊಸಾಲ್ವರ್ ಎಂಬ ಸಮಾಂತರ ಕಂಪ್ಯೂಟರ್ ಕಟ್ಟಿತು. ಅದರ ನಂತರದ ಆವೃತ್ತಿಗಳಲ್ಲಿ ಬಂದ ಫ್ಲೊಸ್ವಿಚ್, ಪ್ರೊಸೆಸರ್‌ಗಳ ನಡುವೆ ದತ್ತಾಂಶ ಸಾಗುವಾಗಲೇ ಲೆಕ್ಕವನ್ನೂ ಮಾಡುತ್ತಿತ್ತು. ಆ ಲೇಖನ ಬರೆದವರು ಕೋರ್‌ಗಳನ್ನಷ್ಟೇ ಎಣಿಸಿದ್ದಾರೆ. ಅವು ಕಾಯುವ ಸೈಕಲ್‌ಗಳನ್ನು ಲೆಕ್ಕಕ್ಕೇ ಹಿಡಿದಿಲ್ಲ.