ಗೋಲು ಕಾಯುವವನಿಗೆ ನ್ಯಾಯವೆಲ್ಲಿ?

ಕಾಲ್ಚೆಂಡಿನ ಆಟದಲ್ಲಿ ಹತ್ತು ಮಂದಿಗೆ ಒಂದು ಧರ್ಮ, ಹನ್ನೊಂದನೆಯವನಿಗೆ ಬೇರೊಂದು ಧರ್ಮ. ಮುಂಪಂಕ್ತಿಯವನು ಹತ್ತು ಸಲ ಗುರಿ ತಪ್ಪಿ ಹನ್ನೊಂದನೆಯ ಸಲ ಗೋಲು ಹೊಡೆದರೆ ಅವನನ್ನು ಹೆಗಲ ಮೇಲೆ ಹೊತ್ತು ಮೆರೆಯಿಸುತ್ತಾರೆ. ಗೋಲು ಕಾಯುವವನು ಹತ್ತು ಸಲ ತಡೆದು ಒಂದು ಸಲ ಎಡವಿದರೆ ಆ ಹತ್ತನ್ನೂ ಮರೆತು ಒಂದನ್ನೇ ಎತ್ತಿ ಆಡುತ್ತಾರೆ. ಟೇಕಲ್ಲಿನ ಬಂಡೆಗಳ ನಡುವಣ ಬಯಲಿನಲ್ಲಿ ಎರಡು ಕಲ್ಲುಗಳನ್ನಿಟ್ಟು ಆಡುವ ಹುಡುಗರು ಮೊದಲುಗೊಂಡು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಹಣ ತೆತ್ತು ಕುಳಿತ ವಿದ್ಯಾವಂತರವರೆಗೆ ಈ ಪಕ್ಷಪಾತವು ಒಂದೇ ಬಗೆಯದು. ಓಡಲಾರದವನು, ಮೈ ತುಂಬಿದವನು, ತಡವಾಗಿ ಬಂದವನು, ಇವರಲ್ಲಿ ಯಾರಾದರೊಬ್ಬನನ್ನು ಕಲ್ಲುಗಳ ನಡುವೆ ನಿಲ್ಲಿಸಿಬಿಡುವುದು ಹುಡುಗರ ರೂಢಿ. ಹುಡುಗರದು ಅರಿಯದೆ ಮಾಡಿದ್ದು. ದೊಡ್ಡವರಿಗೆ ಆ ಕ್ಷಮೆ ಸಲ್ಲದು.

ಗುರ್‌ಪ್ರೀತ್ ಸಿಂಗ್ ಸಂಧು ಎಂಬ ಆಟಗಾರನ ವೃತ್ತಾಂತವು ಈ ಅನ್ಯಾಯಕ್ಕೆ ಸಾಕಾದಷ್ಟು ನಿದರ್ಶನವನ್ನೊದಗಿಸುತ್ತದೆ. ಪಂಜಾಬದ ಮೊಹಾಲಿಯಲ್ಲಿ ೧೯೯೨ರಲ್ಲಿ ಜನಿಸಿದ ಈತನು ೨೦೧೧ರಲ್ಲಿ ಭಾರತದ ತಂಡವನ್ನು ಸೇರಿದನು. ೨೦೧೪ರಲ್ಲಿ ನಾರ್ವೆ ದೇಶದ ಸ್ತಾಬೆಕ್ ತಂಡಕ್ಕೆ ಹೋಗಿ, ೨೦೧೬ರಲ್ಲಿ ಯುರೋಪಾ ಲೀಗಿನ ಅರ್ಹತಾ ಪಂದ್ಯದಲ್ಲಿ ಆಡಿದನು. ೨೦೧೭ರಲ್ಲಿ ಬೆಂಗಳೂರು ಎಫ್.ಸಿ. ತಂಡಕ್ಕೆ ಬಂದನು, ೨೦೧೯ರಲ್ಲಿ ಆ ತಂಡವು ಇಂಡಿಯನ್ ಸೂಪರ್ ಲೀಗನ್ನು ಗೆದ್ದಾಗ ಗೋಲಿನಲ್ಲಿದ್ದವನು ಇವನೇ. ಅದೇ ವರ್ಷ ಅರ್ಜುನ ಪ್ರಶಸ್ತಿಯೂ ದೊರೆಯಿತು.

ಆತನು ಪಂಜಾಬಿನವನು, ಕೋಲಾರದ ಜನರಿಗೆ ಅವನಿಂದೇನಾಗಬೇಕು ಎಂದು ಮೂಗು ಮುರಿಯುವವರುಂಟು. ಅಂಥವರು ತಮ್ಮವರಿಗಾದರೂ ನ್ಯಾಯ ಮಾಡಿದ್ದಾರೆಯೆ? ೧೯೪೮ರ ಲಂಡನ್ ಒಲಿಂಪಿಕ್ಸಿನಲ್ಲಿ ಸ್ವತಂತ್ರ ಭಾರತವು ಫ್ರಾನ್ಸಿನೊಡನೆ ಆಡಿ ೧–೨ರಿಂದ ಸೋತಿತು. ಆ ದಿನ ಬಹುಮಂದಿ ಬರಿಗಾಲಿನಲ್ಲಿ ಆಡಿದರೆಂಬುದು ಎಲ್ಲರಿಗೂ ಗೊತ್ತು. ಎರಡು ಪೆನಾಲ್ಟಿಗಳು ವ್ಯರ್ಥವಾದುವೆಂದು ಮರುಗುವವರಿದ್ದಾರೆ. ಗೋಲು ಹೊಡೆದ ಸಾರಂಗಪಾಣಿ ರಾಮನ್ನನ ಹೆಸರನ್ನೂ ಕೆಲವರು ಬಲ್ಲರು. ಆ ತಂಡದ ಗೋಲನ್ನು ಕಾದವನು ಮೈಸೂರು ಸೀಮೆಯ ಕೆ. ವಿ. ವರದರಾಜ್ ಎಂಬುದನ್ನು ಎಷ್ಟು ಮನೆಗಳಲ್ಲಿ ಹೇಳಿಕೊಳ್ಳುತ್ತಾರೆ? ಬೆಂಗಳೂರಿನಿಂದ ಹೋದವನೆಂಬ ಅಭಿಮಾನವೂ ಅವನನ್ನು ಮರೆವಿನಿಂದ ಉಳಿಸಲಿಲ್ಲ. ಆದುದರಿಂದ ಇದು ಪಂಜಾಬಿ ಕನ್ನಡಿಗ ಎಂಬ ಮಾತಲ್ಲ. ನಿಂತ ಜಾಗದ ಮಾತು.

ಸಂಧುವಿನ ಲೆಕ್ಕವನ್ನು ಈಗ ಎರಡು ಕಡೆಯಿಂದಲೂ ನೋಡತಕ್ಕದ್ದು. ೨೦೧೯ರ ಸೆಪ್ಟೆಂಬರ್ ೧೦ರಂದು ದೋಹಾ ನಗರದಲ್ಲಿ, ಆಗತಾನೆ ಏಷ್ಯಾದ ಚಾಂಪಿಯನ್ನರಾಗಿದ್ದ ಕತಾರಿನವರು ಇಪ್ಪತ್ತಕ್ಕೂ ಮಿಕ್ಕಿ ಹೊಡೆತಗಳನ್ನು ಹೊಡೆದರು. ಸುನಿಲ್ ಛೇತ್ರಿ ಅಸ್ವಸ್ಥನಾಗಿದ್ದುದರಿಂದ ನಾಯಕತ್ವವೂ ಸಂಧುವಿನ ಮೇಲೆಯೇ ಇತ್ತು. ಒಂದು ಚೆಂಡೂ ಒಳಹೊಗಲಿಲ್ಲ, ಪಂದ್ಯ ಸಮವಾಯಿತು. ೨೦೨೩ರ ಜುಲೈ ೪ರಂದು ಕಂಠೀರವ ಕ್ರೀಡಾಂಗಣದಲ್ಲಿಯೇ ಸ್ಯಾಫ್ ಪಂದ್ಯಾವಳಿಯ ಅಂತಿಮ ಪಂದ್ಯ ನಡೆದು, ಕುವೈತಿನೊಡನೆ ೧–೧ರ ಸಮಬಲದ ನಂತರ ಪೆನಾಲ್ಟಿಗಳಿಗೆ ಹೋಯಿತು. ಕಡೆಯ ಒದೆತವನ್ನು ಸಂಧು ಪಕ್ಕಕ್ಕೆ ಹಾರಿ ತಡೆದು ೫–೪ರಿಂದ ಭಾರತಕ್ಕೆ ಗೆಲವು ತಂದನು. ಆ ರಾತ್ರಿ ಜಯಕಾರ ಮಾಡಿದ ಬಾಯಿಗಳು ಒಂದು ವರ್ಷ ತುಂಬುವ ಮೊದಲೇ ಬೇರೆ ರಾಗ ಹಾಡತೊಡಗಿದುವು.

ತಪ್ಪುಗಳಿರಲಿಲ್ಲವೆಂದು ವಾದಿಸುವುದು ಸತ್ಯಕ್ಕೆ ದೂರ. ೨೦೨೪ರ ಮಾರ್ಚ್ ೨೬ರಂದು ಗುವಾಹಟಿಯಲ್ಲಿ ಆಫ್ಘಾನಿಸ್ಥಾನದ ಎದುರು ಪಂದ್ಯದ ಕಡೆಯ ನಿಮಿಷಗಳಲ್ಲಿ ಸಂಧು ಎದುರಾಳಿಯನ್ನು ಕೆಡವಿ ಪೆನಾಲ್ಟಿ ಕೊಟ್ಟನು. ಭಾರತ ೧–೨ರಿಂದ ಸೋತಿತು. ಅದೇ ನವೆಂಬರಿನಲ್ಲಿ ಹೈದರಾಬಾದಿನಲ್ಲಿ ಮಲೇಷ್ಯಾದ ಎದುರು ಹೊತ್ತಲ್ಲದ ಹೊತ್ತಿನಲ್ಲಿ ಗೋಲು ಬಿಟ್ಟು ಮುಂದಕ್ಕೆ ಓಡಿ ಬಂದು, ಬರಿದಾದ ಗೋಲಿಗೆ ಚೆಂಡು ಸೇರುವಂತೆ ಮಾಡಿಕೊಂಡನು. ಇವು ದೋಷಗಳೇ ಸರಿ. ಆದರೆ ಗುವಾಹಟಿಯಲ್ಲಿ ಭಾರತದ ಏಕೈಕ ಗೋಲೂ ಪೆನಾಲ್ಟಿಯಿಂದಲೇ ಬಂದುದು. ಮಿಕ್ಕ ಸಮಯವೆಲ್ಲ ಮುಂಪಂಕ್ತಿಯವರು ಏನು ಮಾಡುತ್ತಿದ್ದರು? ಆ ವರ್ಷದ ಜನವರಿಯ ಏಷ್ಯಾ ಕಪ್ಪಿನಲ್ಲಿ ಭಾರತವು ಮೂರು ಪಂದ್ಯಗಳಲ್ಲಿ ಒಂದು ಗೋಲನ್ನೂ ಹೊಡೆಯಲಿಲ್ಲ. ೨೦೨೪ರ ಇಡೀ ವರ್ಷದಲ್ಲಿ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ಗೋಲು ಹೊಡೆಯದ ತಂಡವನ್ನು ಗೋಲು ಕಾಯುವವನು ಗೆಲ್ಲಿಸಬೇಕೆಂಬುದು, ಬಿತ್ತದೆ ಹೋದ ಹೊಲದ ಫಸಲಿಗೆ ಕಾವಲುಗಾರನನ್ನು ದಂಡಿಸಿದಂತೆ.

ಅದೇ ಜೂನ್ ೧೧ರ ದೋಹಾ ಪಂದ್ಯವನ್ನಂತೂ ಮರೆಯತಕ್ಕದ್ದಲ್ಲ. ಛೇತ್ರಿ ನಿವೃತ್ತನಾಗಿ ಒಂದು ವಾರವೂ ಕಳೆದಿರಲಿಲ್ಲ, ಸಂಧುವೇ ನಾಯಕ, ಭಾರತ ೧–೦ಯಿಂದ ಮುಂದಿತ್ತು. ಚೆಂಡು ಗೆರೆಯನ್ನು ದಾಟಿ ಹೊರಕ್ಕೆ ಹೋಯಿತು. ನೆಲದ ಮೇಲಿದ್ದ ಸಂಧುವೂ ಅದು ಹೊರಗಾಯಿತೆಂದೇ ಬಗೆದನು. ಕತಾರಿನವನೊಬ್ಬನು ಅದನ್ನು ಮತ್ತೆ ಒಳಕ್ಕೆಳೆದನು, ಇನ್ನೊಬ್ಬನು ಗೋಲು ಹೊಡೆದನು, ನಿರ್ಣಾಯಕನು ಗೋಲೆಂದು ಸಾರಿದನು. ಚಿತ್ರವನ್ನು ತಿರುಗಿಸಿ ನೋಡುವ ಯಂತ್ರದ ಏರ್ಪಾಟು ಆ ಪಂದ್ಯಕ್ಕಿರಲಿಲ್ಲ. ಭಾರತ ೧–೨ರಿಂದ ಸೋತು ವಿಶ್ವಕಪ್ ಅರ್ಹತೆಯ ಹಾದಿಯಿಂದ ಹೊರಬಿತ್ತು. ಸೀಟಿ ಕೇಳುವವರೆಗೆ ಎದ್ದು ಆಡಬೇಕಿತ್ತೆಂದು ಆಮೇಲೆ ಉಪದೇಶ ಮಾಡಿದವರು, ಗೆರೆ ದಾಟಿದ ಚೆಂಡನ್ನು ಕಾಣದೆ ಹೋದ ಅಧಿಕಾರಿಗಳಿಗೆ ಅಷ್ಟೇ ಕಠೋರವಾಗಿ ಹೇಳಿದರೆ ತಕ್ಕಡಿ ಸಮವಾಗುತ್ತಿತ್ತು.

ಹೈದರಾಬಾದಿನ ನಂತರ ಸಂಧುವನ್ನು ಕೈಬಿಟ್ಟರು. ವಿಶಾಲ್ ಕೈತ್ ಗೋಲಿಗೆ ನಿಂತನು. ೨೦೨೫ರ ಜೂನ್ ೧೦ರಂದು ಹಾಂಕಾಂಗಿನೊಡನೆ ಕೊನೆಗಳಿಗೆಯಲ್ಲಿ ಕೈತನಿಂದ ಪೆನಾಲ್ಟಿಯಾಗಿ ಭಾರತ ೦–೧ರಿಂದ ಸೋಲಲು, ಅಪವಾದದ ಬುಟ್ಟಿ ಒಬ್ಬನ ತಲೆಯಿಂದ ಇಳಿದು ಇನ್ನೊಬ್ಬನ ತಲೆಯನ್ನೇರಿತು. ಆಗಲೂ ಭಾರತದ ಗೋಲುಗಳ ಲೆಕ್ಕ ಸೊನ್ನೆಯೇ! ಅನಂತರ ಖಾಲಿದ್ ಜಮೀಲ್ ತರಬೇತುದಾರನಾಗಿ ಬಂದು ಸಂಧುವನ್ನು ಮರಳಿ ಕರೆದನು. ಆಗಸ್ಟಿನಲ್ಲಿ ತಜಿಕಿಸ್ಥಾನದ ಎದುರು ಅವನು ಒಂದು ಪೆನಾಲ್ಟಿಯನ್ನು ತಡೆದನು, ಭಾರತ ೨–೧ರಿಂದ ಗೆದ್ದಿತು. ಸೆಪ್ಟೆಂಬರ್ ೮ರಂದು ಒಮಾನಿನೊಡನೆ ಮತ್ತೆ ಪೆನಾಲ್ಟಿಗಳು. ಕಡೆಯ ಒದೆತಕ್ಕೆ ಮತ್ತೆ ಅದೇ ಕೈ. ಅಕ್ಟೋಬರಿನಲ್ಲಿ ಸಿಂಗಪುರದ ಎದುರು ಸೋತು ಭಾರತವು ೨೦೨೭ರ ಏಷ್ಯಾ ಕಪ್ಪನ್ನು ಕಳೆದುಕೊಂಡಿತೆಂಬುದೂ ಈ ಲೆಕ್ಕದಲ್ಲಿ ಸೇರಬೇಕು.

ಕೆರೆಗಳ ಜಿಲ್ಲೆಯೆನಿಸಿದ ಕೋಲಾರಕ್ಕೆ ಈ ವಿಷಯವನ್ನು ಬಿಡಿಸಿ ಹೇಳಬೇಕಾದ ಅಗತ್ಯವೇ ಇರಬಾರದು. ತೂಬನ್ನು ಕಾಯುವ ನೀರುಗಂಟಿಯ ಹೆಸರು ಏರಿ ಒಡೆದ ದಿನವಲ್ಲದೆ ಊರಿನವರ ಬಾಯಿಗೆ ಬಂದುದುಂಟೆ? ಆತನು ಇರುಳೆಲ್ಲ ಎದ್ದಿದ್ದ ವರ್ಷಗಳಲ್ಲಿ ಬೆಳೆದ ಭತ್ತವನ್ನು ಯಾರೂ ಅವನ ಹೆಸರಿನಲ್ಲಿ ಅಳೆಯಲಿಲ್ಲ. ಈ ಹಳೆಯ ಕೃತಘ್ನತೆಯೇ ಆಟದ ಬಯಲಿಗೂ ಬಂದಿದೆ.

ತಾಲ್ಲೂಕು ಪಂದ್ಯಗಳನ್ನು ನಡೆಯಿಸುವ ಮಹನೀಯರು ಗೋಲು ಹೊಡೆದವರ ಹೆಸರನ್ನು ಮಾತ್ರ ಬರೆದಿಡುವ ಪದ್ಧತಿಯನ್ನು ಬಿಟ್ಟು, ತಡೆದ ಹೊಡೆತಗಳನ್ನೂ ಬರೆಯತೊಡಗಲಿ. ಅದಕ್ಕೆ ಬೇಕಾದುದು ಒಂದು ಪುಸ್ತಕ, ಒಂದು ಸೀಸದ ಕಡ್ಡಿ, ಗೆರೆಯ ಹಿಂದೆ ಕುಳಿತ ಒಬ್ಬ ಹುಡುಗ. ಮಾಲೂರಿನಲ್ಲಾಗಲಿ ಟೇಕಲ್ಲಿನಲ್ಲಾಗಲಿ ಶಾಲೆಯ ಉಪಾಧ್ಯಾಯರು ಓಡಲಾರದವನನ್ನು ಗೋಲಿಗೆ ತಳ್ಳುವುದನ್ನು ನಿಲ್ಲಿಸಿ, ಎತ್ತರವೂ ಧೈರ್ಯವೂ ಉಳ್ಳವನನ್ನು ಆರಿಸಿ, ಅವನಿಗೆ ಬೀಳುವ ಬಗೆಯನ್ನು ಮೊದಲು ಮರಳಿನ ಮೇಲೆ ಕಲಿಸಲಿ. ಟೇಕಲ್ಲಿನ ನೆಲದಲ್ಲಿ ಕಲ್ಲಿಗೆ ಬರವಿಲ್ಲ.